ನಿರಾಶ್ರಿತರ ನೆಲೆ: ಅಪ್ಪಣೆ ಯಾರದು?

ನಿರಾಶ್ರಿತರ ಪುನರ್ವಸತಿ ಕೇಂದ್ರದ ಹೊಣೆಯೋ ರಾಜ್ಯಗಳ ಹೊಣೆಯೋ ಎಂಬ ವಾದ ನಮ್ಮಲ್ಲಿ ಹಳೆಯದು. ದೇಶ ವಿಭಜನೆಯಿಂದ ಮನೆಮಠ ಕಳೆದುಕೊಂಡವರ ಪುನರ್ವಸತಿಯನ್ನು ಸಂವಿಧಾನವು ಇಬ್ಬರಿಗೂ ಸೇರಿದ ಪಟ್ಟಿಯಲ್ಲಿಟ್ಟಿದೆ. ಭೂಮಿಯನ್ನು ರಾಜ್ಯಗಳ ಪಟ್ಟಿಯಲ್ಲಿಟ್ಟಿದೆ. ಈ ವಾದದಲ್ಲಿ ಊರಿನವರ ಮಾತಿಗೆ ಮಾತ್ರ ಜಾಗವಿಲ್ಲ. ಅದಕ್ಕೆ ಬಡವರು ತೆತ್ತ ಬೆಲೆಯೆಷ್ಟೆಂಬುದನ್ನು ದಂಡಕಾರಣ್ಯದ ಕಥೆ ಹೇಳುತ್ತದೆ.

1958ರಲ್ಲಿ ಕೇಂದ್ರ ಸರ್ಕಾರವು ದಂಡಕಾರಣ್ಯ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರನ್ನು ಅಂದಿನ ಒರಿಸ್ಸಾದ ಕೋರಾಪುಟ್, ಕಾಲಾಹಂಡಿ ಹಾಗೂ ಮಧ್ಯಪ್ರದೇಶದ ಬಸ್ತರ್ ಜಿಲ್ಲೆಗಳಲ್ಲಿ ನೆಲೆಗೊಳಿಸುವುದು ಅದರ ಕೆಲಸ. ಅವರಲ್ಲಿ ಬಹುಮಂದಿ ನಾಮಶೂದ್ರ ಒಕ್ಕಲುಮಕ್ಕಳು; ನದಿನೀರು, ಮೆಕ್ಕಲುಮಣ್ಣಿನ ನಾಡಿನಲ್ಲಿ ಬತ್ತ ಬೆಳೆದವರು. ಸಿಕ್ಕಿದ್ದು ಕಾಡು ಕಡಿದು ತೆಗೆದ, ಮಳೆಯನ್ನೇ ನಂಬಿದ ನೆಲ. ಹೋಗಲೊಲ್ಲೆವೆಂದವರಿಗೆ ಶಿಬಿರದ ಸಹಾಯಧನವೇ ನಿಂತಿತು. ಇತ್ತ ಆ ಕಾಡನ್ನೇ ನಂಬಿ ಬಾಳುತ್ತಿದ್ದ ಆದಿವಾಸಿಗಳಿಗೆ, ಹಸನುಮಾಡಿದ ಭೂಮಿಯಲ್ಲಿ ಕಾಲುಭಾಗವೆಂದು ಗೊತ್ತುಮಾಡಿದರು. ಲೆಕ್ಕ ಹಾಕಿದವರೆಲ್ಲ ಅಧಿಕಾರಿಗಳು. ಬರುವವನ ಒಪ್ಪಿಗೆಯೂ ಬೇಕಾಗಲಿಲ್ಲ, ಇದ್ದವನ ಒಪ್ಪಿಗೆಯೂ ಬೇಕಾಗಲಿಲ್ಲ. ಬಡವನಿಗೂ ಬಡವನಿಗೂ ಜಗಳ ಹಚ್ಚಲು ಇದಕ್ಕಿಂತ ಸುಲಭದ ದಾರಿ ಬೇಕೆ?

ಹಾಗಾದರೆ ಅಧಿಕಾರವನ್ನೆಲ್ಲ ರಾಜ್ಯಕ್ಕೆ ಒಪ್ಪಿಸಿದರೆ ಸಾಕೆ? ಸಾಲದು. 1978ರಲ್ಲಿ ಸಾವಿರಾರು ಕುಟುಂಬಗಳು ದಂಡಕಾರಣ್ಯವನ್ನು ಬಿಟ್ಟು ಪಶ್ಚಿಮ ಬಂಗಾಳಕ್ಕೆ ಹೊರಟವು. ಹಲವರು ಸುಂದರಬನದ ಮರೀಚ್‌ಝಾಂಪಿ ದ್ವೀಪದಲ್ಲಿ ತಾವೇ ಗುಡಿಸಲು, ಶಾಲೆ ಕಟ್ಟಿಕೊಂಡರು. ಆಗ ಅಧಿಕಾರದಲ್ಲಿದ್ದುದು, ಹಿಂದೆ ಇದೇ ಜನರನ್ನು ದಂಡಕಾರಣ್ಯಕ್ಕೆ ಅಟ್ಟಬಾರದೆಂದು ಹೋರಾಡಿದ್ದ ಎಡಪಕ್ಷಗಳ ಸರ್ಕಾರ. ಅದು ಮೀಸಲು ಅರಣ್ಯವೆಂಬ ಕಾರಣ ಹೇಳಿ 1979ರ ಜನವರಿಯಲ್ಲಿ ದ್ವೀಪಕ್ಕೆ ದಿಗ್ಬಂಧನ ಹಾಕಿತು. ಮೇ ತಿಂಗಳಲ್ಲಿ ಪೊಲೀಸರಿಂದ ಜನರನ್ನು ಎಬ್ಬಿಸಿತು. ಸತ್ತವರೆಷ್ಟು ಎಂಬುದು ಇಂದಿಗೂ ವಿವಾದದಲ್ಲಿದೆ. ದಿಲ್ಲಿಯ ದರ್ಪ ಹೋಗಿ ಕಲ್ಕತ್ತೆಯ ದರ್ಪ ಬಂದರೆ ಅದನ್ನು ಸ್ವಾಯತ್ತತೆ ಎನ್ನಲಾಗದು.

ಗ್ರಾಮ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ಮೇಲೆ ಆಡಳಿತ ನಿಲ್ಲಬೇಕೆಂದು ಡಾ. ಲೋಹಿಯಾ ಹೇಳಿದ ಮಾತು ಇಲ್ಲಿ ಉಪಯೋಗಕ್ಕೆ ಬರಬೇಕು. ಹಣ, ಪೌರತ್ವ, ರಕ್ಷಣೆ ಕೇಂದ್ರದ ಹೊಣೆ. ಜಾತಿಮತ ನೋಡಿ ಯಾವ ಊರೂ ನಿರಾಶ್ರಿತನನ್ನು ಹೊರದೂಡದಂತೆ ಕಾಯುವುದೂ ಅದರದೇ. ಆದರೆ ಯಾವ ನೆಲ, ಎಷ್ಟು ಮನೆ, ನೀರೆಲ್ಲಿಂದ ಎಂಬುದನ್ನು ಗ್ರಾಮಸಭೆಯೂ ನಿರಾಶ್ರಿತರು ಆರಿಸಿದ ಪಂಚರೂ ಒಟ್ಟಿಗೆ ಕುಳಿತು ತೀರ್ಮಾನಿಸಲಿ. ಆದಿವಾಸಿ ಪ್ರದೇಶಗಳಲ್ಲಿ ಯೋಜನೆಗೆ ಭೂಮಿ ಪಡೆಯುವ ಮುನ್ನ ಗ್ರಾಮಸಭೆಯನ್ನೋ ಪಂಚಾಯಿತಿಯನ್ನೋ ಕೇಳಬೇಕೆಂದು 1996ರ ಕಾನೂನು ಹೇಳುತ್ತದೆ. ಕೇಳಿದರಷ್ಟೇ ಸಾಲದು, ಅವರ ಒಪ್ಪಿಗೆಯಿಲ್ಲದೆ ಕೆಲಸ ನಡೆಯಕೂಡದು. ಇದನ್ನು ಶಾಸನದಲ್ಲಿ ಬರೆಸುವವರೆಗೆ ನಮ್ಮ ಹೋರಾಟ ನಿಲ್ಲಬಾರದು.