ಕೆಲಸದವನ ಮಾತಿಗೂ ಕಿವಿ ಕೊಡೋಣ

ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ದಿನವೂ ಕೆಲಸಕ್ಕೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಫೌಂಡ್ರಿ ಇರಲಿ, ಗಾರ್ಮೆಂಟ್ಸ್ ಇರಲಿ, 'ಹೇಳಿದಷ್ಟು ಮಾಡು, ಬಾಯಿ ಮುಚ್ಕೊಂಡಿರು' ಎನ್ನುವ ಯಜಮಾನಿಕೆ ಇನ್ನು ಸಾಕು ಎನ್ನುತ್ತೇವೆ ನಾವು.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗಿನಿಂದ ಈ ಸೀಮೆಗೆ ಕುಲುಮೆ ಕೆಲಸ ಗೊತ್ತು. ಅಚ್ಚಿನ ಮರಳಲ್ಲಿ ತೇವ ಹೆಚ್ಚಿದ್ದರೆ ಹೊಯ್ದ ಲೋಹ ಸಿಡಿಯುತ್ತದೆ. ಅದು ಮೊದಲು ಗೊತ್ತಾಗುವುದು ಮರಳು ಮುಟ್ಟಿದವನಿಗೆ, ಆಫೀಸಲ್ಲಿ ಕೂತವರಿಗಲ್ಲ. ಬೈಗುಳಕ್ಕೆ ಹೆದರಿ ಅವನು ಸುಮ್ಮನಾದರೆ ಸುಡುವುದು ಅವನದ್ದೇ ಮೈ. ಲೋಹ ಹೊಯ್ಯುವ ಗಳಿಗೆಯಲ್ಲಿ ಒಬ್ಬರ ಆಜ್ಞೆಯೇ ನಡೆಯಬೇಕು, ನಿಜ. ಅದಕ್ಕೂ ಮುಂಚೆ ಎಲ್ಲರ ಮಾತು ಕೇಳಬೇಕು.

ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ದೋಷ ಕಂಡ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು. ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ನಮ್ಮಲ್ಲೂ 1947ರ ಕೈಗಾರಿಕಾ ವಿವಾದ ಕಾಯ್ದೆಯೇ 100 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಎರಡೂ ಕಡೆಯವರು ಕೂರುವ ಸಮಿತಿಗೆ ದಾರಿ ಮಾಡಿತ್ತು. ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದೂ ಅದು ಹೇಳಿತ್ತು. 2020ರ ಹೊಸ ಸಂಹಿತೆಯಲ್ಲೂ ಈ ಸಮಿತಿ ಉಳಿದಿದೆ. ಕಾಗದದ ಮೇಲಿರುವುದು ಕಾರ್ಖಾನೆಯೊಳಗೂ ನಡೆಯಬೇಕು ಅಷ್ಟೆ.

ಕಾರ್ಖಾನೆಯವರಿಗೆ ಮಾತ್ರ ಈ ಮಾತಲ್ಲ. ಹೋಟೆಲು, ಅಂಗಡಿ ನಡೆಸುವ ನಾವೂ ವಾರಕ್ಕೊಮ್ಮೆ ಹತ್ತು ನಿಮಿಷ ಹುಡುಗರ ಜೊತೆ ಕೂತು 'ಎಲ್ಲಿ ತೊಂದರೆ ಆಗ್ತಿದೆ?' ಅಂತ ಕೇಳೋಣ. ಹೇಳಿದವನ ಕೆಲಸಕ್ಕೆ ಕುತ್ತು ಬರಬಾರದು. ಜಮಾಅತ್‌ನಲ್ಲಿ ಮಶೂರ ಮಾಡಿಯೇ ತೀರ್ಮಾನ ಮಾಡುವ ನಮಗೆ ಇದೇನು ಹೊಸತೇ?