ಇಂಗುಗುಂಡಿಗೆ ಮೊದಲು ಜೇಡಿಯ ಆಳ ನೋಡಿರಿ

ಮಳೆಗಾಲ ಸಮೀಪಿಸಿತೆಂದರೆ ನಮ್ಮ ಪಂಚಾಯತುಗಳಿಗೆ ಇಂಗುಗುಂಡಿಗಳ ನೆನಪಾಗುತ್ತದೆ. ಮನೆಗೊಂದು, ಶಾಲೆಗೊಂದು, ರಸ್ತೆಬದಿಗೆ ಹತ್ತು ಎಂದು ಲೆಕ್ಕ ಹಾಕಿ, ಒಂದೇ ಅಳತೆಯ ಗುಂಡಿಗಳನ್ನು ತೋಡಿಸಿ, ಬಿಲ್ಲು ಪಾಸು ಮಾಡಿಸಿದರೆ ಕೆಲಸ ಮುಗಿಯಿತು. ಗುಂಡಿಗೆ ಬಿದ್ದ ನೀರು ಇಳಿಯಿತೇ ಇಲ್ಲವೇ ಎಂದು ಆಟಿ ತಿಂಗಳಲ್ಲಿ ಹೋಗಿ ನೋಡಿದವರು ಕಡಿಮೆ.

ಈ ಲೇಖಕನೂ ಅದೇ ತಪ್ಪು ಮಾಡಿದವನು. ಕೆಲವು ವರ್ಷಗಳ ಹಿಂದೆ ಮನೆಯ ಹಿಂಬದಿಯಲ್ಲಿ ಆರಡಿ ಆಳದ ಗುಂಡಿ ತೋಡಿಸಿದೆ. ಮೊದಲ ನಾಲ್ಕಡಿ ಮುರಕಲ್ಲು. ಅದರಡಿಯಲ್ಲಿ ಬೆಣ್ಣೆಯಂತಹ ಬಿಳಿ ಶೇಡಿಮಣ್ಣು. "ಇದರಲ್ಲಿ ನೀರು ಇಳಿಯುವುದಿಲ್ಲ ಮಾಷ್ಟ್ರೇ" ಎಂದು ಅಗೆಯುವಾತ ಹೇಳಿದ. ನಾನು ಕೇಳಲಿಲ್ಲ. ಜೂನಿನಲ್ಲಿ ತುಂಬಿದ ಗುಂಡಿ ದೀಪಾವಳಿಯ ತನಕ ತುಂಬಿಯೇ ಇತ್ತು. ಲಾಭವಾದುದು ಸೊಳ್ಳೆಗಳಿಗೆ.

ನಮ್ಮ ನೆಲದ ರಚನೆಯೇ ಹಾಗೆ. ಮೇಲೆ ಮುರಕಲ್ಲಿನ ಪಾರೆ, ಅದರಡಿಯಲ್ಲಿ ಜೇಡಿ, ಅದಕ್ಕೂ ಕೆಳಗೆ ಕರಿಬಂಡೆ. (ಈ ಮುರಕಲ್ಲಿಗೆ 'ಲ್ಯಾಟರೈಟ್' ಎಂಬ ಹೆಸರು ಬಂದುದು 1807ರಲ್ಲಿ ಅಚ್ಚಾದ ಬುಕಾನನ್ನರ ಪ್ರವಾಸ ಗ್ರಂಥದಿಂದ, ಅವರು ಅದನ್ನು ವರ್ಣಿಸಿದ್ದು ನಮ್ಮ ಕೇರಳದ ಅಂಗಾಡಿಪುರದ ಕಲ್ಲನ್ನು ನೋಡಿ.) ಮುರಕಲ್ಲಿನ ತೂತುಗಳಲ್ಲಿ ನೀರು ಸರಸರನೆ ಇಳಿಯುತ್ತದೆ. ಜೇಡಿಯನ್ನು ಮುಟ್ಟಿದೊಡನೆ ಅದರ ಬೆನ್ನ ಮೇಲೆ ಅಡ್ಡಕ್ಕೆ ಹರಿದು, ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ನಮ್ಮ ಹಿರಿಯರ ಸುರಂಗಗಳು ಗುಡ್ಡದೊಳಗಿನ ಇಂಥ ಒಸರನ್ನೇ ಹಿಡಿದವು. ಸಡಿಲ ಜೇಡಿ ಸಿಕ್ಕಿದರೆ ಕುಸಿತದ ಭಯವಿದೆಯೆಂಬುದು ಸುರಂಗ ಕೊರೆಯುವವರಿಗೆ ಗೊತ್ತಿತ್ತು. ಕಾಗದದ ಮೇಲೆ ಗುಂಡಿ ಬರೆಯುವವರಿಗೆ ಅಷ್ಟೂ ಗೊತ್ತಿರಬೇಡವೇ?

ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಸುರಿಯುತ್ತದೆ. ಸಾವಿರ ಚದರಡಿಯ ಮಾಡಿನ ಮೇಲೆ ಒಂದೇ ದಿನ 100 ಮಿಲ್ಲಿಮೀಟರ್ ಬಿದ್ದರೆ ಸುಮಾರು 9300 ಲೀಟರ್ ನೀರಾಯಿತು. ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಆಳದ ಗುಂಡಿ ಹಿಡಿಯುವುದು ಸಾವಿರ ಲೀಟರ್ ಮಾತ್ರ. ಆದುದರಿಂದ ಗುಂಡಿಯ ಗಾತ್ರಕ್ಕಿಂತ ನೀರು ಎಷ್ಟು ಬೇಗ ಇಳಿಯುತ್ತದೆ ಎಂಬುದೇ ಮುಖ್ಯ.

ಅದನ್ನು ಅಗೆಯದೆ ಅಂದಾಜು ಮಾಡುವ ಉಪಾಯ ಹೊಸತೇನಲ್ಲ. ನಾಲ್ಕು ಕಬ್ಬಿಣದ ಸರಳುಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಹೊಡೆದು, ಹೊರಗಿನ ಎರಡರಲ್ಲಿ ವಿದ್ಯುತ್ತು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುತ್ತಾರೆ. ಸರಳುಗಳ ಅಂತರ ಹೆಚ್ಚಿಸಿದಂತೆ ಆಳದ ಸುದ್ದಿ ತಿಳಿಯುತ್ತದೆ. ಒದ್ದೆ ಜೇಡಿ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ. ಒಣ ಮುರಕಲ್ಲೂ ಗಟ್ಟಿಬಂಡೆಯೂ ಬಹಳ ತಡೆಯುತ್ತವೆ. ಜೇಡಿ ಎಷ್ಟು ಅಡಿಯಲ್ಲಿ ಆರಂಭವಾಗುತ್ತದೆ, ಎಲ್ಲಿ ದಪ್ಪ, ಎಲ್ಲಿ ತೆಳು ಎಂಬ ನಕ್ಷೆ ಹೀಗೆ ಸಿಗುತ್ತದೆ. ಬಾವಿ, ಕೊಳವೆಬಾವಿಗಳ ಜಾಗ ಗುರುತಿಸಲು ಅಂತರ್ಜಲ ಇಲಾಖೆ ಈ ಪರೀಕ್ಷೆ ಮಾಡುತ್ತದೆ. ನೀರು ತೆಗೆಯಲು ಇರುವ ಎಚ್ಚರ ನೀರು ಇಳಿಸಲು ಏಕೆ ಇಲ್ಲ?

ಯಂತ್ರವನ್ನು ದೇವರೆಂದು ನಂಬಬೇಕಾಗಿಲ್ಲ. ಉಪ್ಪುನೀರು ಸೇರಿದ ಮರಳೂ ಜೇಡಿಯಂತೆಯೇ ಅಂಕಿ ತೋರಿಸೀತು; ಕರಾವಳಿಯ ಪಂಚಾಯತುಗಳು ಇದನ್ನು ನೆನಪಿಡಬೇಕು. ತಂತಿಬೇಲಿ, ಹೂತ ಕಬ್ಬಿಣದ ಪೈಪುಗಳೂ ಲೆಕ್ಕ ಕೆಡಿಸುತ್ತವೆ. ಆದುದರಿಂದ ನಕ್ಷೆಯೊಡನೆ ಹತ್ತಿರದ ಬಾವಿಯ ಗೋಡೆಯಲ್ಲಿ ಕಾಣುವ ಪದರಗಳನ್ನು ಹೋಲಿಸಬೇಕು. ಕೊನೆಗೆ ಒಂದು ಸಣ್ಣ ಗುಂಡಿಯಲ್ಲಿ ನೀರು ತುಂಬಿಸಿ, ಗಂಟೆಗೆ ಎಷ್ಟು ಇಂಚು ಇಳಿಯಿತೆಂದು ಕೋಲಿಟ್ಟು ಅಳೆಯಬೇಕು. ಈ ಕೊನೆಯ ಕೆಲಸಕ್ಕೆ ಇಂಜಿನಿಯರೂ ಬೇಡ, ಶಾಲಾಮಕ್ಕಳು ಸಾಕು.

ಸೊಳ್ಳೆಯ ಕಾಟವಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಳಿಜಾರಿನ ಅಂಚಿನಲ್ಲಿ ಗುಂಡಿ ತೋಡಿ ಮಳೆನೀರನ್ನೆಲ್ಲ ಅಲ್ಲಿಗೆ ತಿರುಗಿಸಿದರೆ, ಅದು ಜೇಡಿಯ ಮೇಲೆ ನಿಂತು ಮಣ್ಣನ್ನು ಸಡಿಲಿಸುತ್ತದೆ. ಕೆಳಗೆ ಮನೆಯಿದ್ದರೆ ಗತಿಯೇನು? ನೆಲದೊಳಗೆ ಜೇಡಿ ಕೊಚ್ಚಿಹೋಗಿ ಗುಡ್ಡದಲ್ಲಿ ಕೊಳವೆಯಂತಹ ಪೊಳ್ಳುಗಳಾಗುವುದನ್ನು ಕೇರಳದ ಹಲವೆಡೆ ಕಂಡಿದ್ದಾರೆ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಅವನ್ನು ಹುಡುಕಲು ಬಳಸಿದ್ದೂ ಇದೇ ವಿದ್ಯುತ್ ಪರೀಕ್ಷೆಯನ್ನು. ಇಂಥ ಇಳಿಜಾರುಗಳಲ್ಲಿ ನೀರನ್ನು ಇಂಗಿಸದೆ ಚರಂಡಿಯಲ್ಲಿ ತೋಡಿಗೆ ಬಿಡುವುದೇ ಲೇಸು. ಜೇಡಿ ಆಳದಲ್ಲಿರುವ ಪಾರೆಯಲ್ಲಿ ಇಂಗಿಸೋಣ. ಜೇಡಿ ಮೇಲೆಯೇ ಇರುವ ತಗ್ಗಿನಲ್ಲಿ ಹಳೆಯ ಮದಕದ ಹೂಳೆತ್ತೋಣ. ನೀರು ನಿಲ್ಲಲು ಜೇಡಿಗಿಂತ ಒಳ್ಳೆಯ ತಳ ಬೇರೆಲ್ಲಿದೆ?

ಪ್ರತಿ ಮನೆಗೂ ಯಂತ್ರ ತರಿಸಿರೆಂದು ಹೇಳುವುದಿಲ್ಲ. ಒಂದೊಂದು ವಾರ್ಡಿನಲ್ಲಿ ಪಾರೆ, ಇಳಿಜಾರು, ಬೈಲು ಎಂದು ನಾಲ್ಕಾರು ಕಡೆ ಪರೀಕ್ಷೆ ಮಾಡಿಸಿದರೆ ಸಾಕು. ಆ ವರದಿ ಕನ್ನಡದಲ್ಲೂ ಬರಲಿ. ತನ್ನ ಅಡಿಕೆ ತೋಟದ ಅಡಿಯಲ್ಲಿ ಏನಿದೆ ಎಂಬುದನ್ನು ತಿಳಿಯಲು ನಮ್ಮ ಕೃಷಿಕ ಇನ್ನೊಬ್ಬರ ಬಳಿ ಓದಿಸಿಕೊಳ್ಳುವಂತಾಗಬಾರದು. ಈ ಸಲದ ಗುಂಡಿಗಳ ಪಟ್ಟಿ ಇನ್ನೂ ಮಂಜೂರಾಗದ ಪಂಚಾಯತುಗಳು ಅದನ್ನು ಒಂದು ತಿಂಗಳು ತಡೆಹಿಡಿದರೂ ನಷ್ಟವಿಲ್ಲ.