22 ಗೊತ್ತೈತಿ, 25 ಗೊತ್ತಿಲ್ಲ

ನಮ್ಮ ಮನ್ಯಾಗ ಗಂಡಸರು ಪೇಪರ್ ಹಿಡದ್ರ ಕಡೀ ಪುಟದ ಕ್ರಿಕೆಟ್ ತನಕ ಒಂದಕ್ಷರ ಬಿಡೂದಿಲ್ಲ. ಸತ್ಯವೇದ ಅಂದ್ರ ಮಾತ್ರ "ಟೈಮ್ ಎಲ್ಲೈತಿ?" ನಿಮ್ಮ ಮನ್ಯಾಗೂ ಇದ ಹಾಡು ಅಲ್ಲೇನ್ರಿ?

ಆದ್ರ ಒಂದು ವಚನ ಎಲ್ಲಾರಿಗೂ ಬಾಯಿಪಾಠ. ಎಫೆಸದವರಿಗೆ ಬರೆದ ಪತ್ರಿಕೆ 5ನೇ ಅಧ್ಯಾಯ, 22ನೇ ವಚನ: ಹೆಂಡತಿ ಗಂಡಗ ಅಧೀನಳಾಗಿರಬೇಕು ಅನ್ನೂದು. ಚಾದಾಗ ಸಕ್ಕರಿ ಕಡಿಮಿ ಬಿದ್ರೂ ಅದು ಹೊರಗ ಬರತೈತಿ. ಒಂದು ವಚನ ಮ್ಯಾಲ ಏರಿದ್ರ ಒಬ್ಬರಿಗೊಬ್ಬರು ಅಧೀನರಾಗ್ರಿ ಅಂತ ಐತಿ. 25ಕ್ಕ ಇಳದ್ರ, ಕ್ರಿಸ್ತ ಸಭೆಗಾಗಿ ಜೀವಾ ಕೊಟ್ಟಂಗ ಗಂಡ ಹೆಂಡತಿನ್ನ ಪ್ರೀತಿಸಬೇಕು ಅಂತ ಐತಿ. ಅಲ್ಲೀ ತನಕ ಓದಿದ ಗಂಡಸರನ್ನ ನಾ ಇನ್ನೂ ಹುಡುಕಾಕತ್ತೀನಿ.

"ಆದಿತ್ಯವಾರ ಪಾದ್ರಿ ಸಾಹೇಬ್ರು ಹೇಳ್ತಾರಲ್ಲ, ಸಾಕು" ಅಂತಾರ. ಅಪೊಸ್ತಲರ ಕೃತ್ಯಗಳು 17ರಾಗ ಬೆರೋಯದ ಮಂದಿ ಪೌಲ ಹೇಳಿದ್ದು ಖರೇನೋ ಸುಳ್ಳೋ ಅಂತ ದಿನಾ ಶಾಸ್ತ್ರ ತೆಗೆದು ನೋಡ್ತಿದ್ರು. ಪೌಲಗ ಸೈತ ಬಿಡಲಿಲ್ಲ ಅವರು.

ಹೋದ ತಿಂಗಳು ಮಗ ಗೆಳ್ಯಾನ ಮಣ್ಣು ಮುಗಿಸಿಕೊಂಡು ಬಂದಿದ್ದ. ಉಣ್ಣಲಿಲ್ಲ. "ಅಪ್ಪಾ, ಯೋಬ ತಪ್ಪೇ ಮಾಡಿರಲಿಲ್ಲ, ದೇವರು ಅವಗ ಅಷ್ಟು ಕಷ್ಟ ಯಾಕ ಬರಗೊಟ್ಟ?" ಅಂತ ಕೇಳಿದ. ಇವರು "ನಿಮ್ಮವ್ವನ್ನ ಕೇಳು" ಅಂದು ಟಿವಿ ಹಚ್ಚಿದ್ರು. ಪಿಯುಸಿ ಓದಿದಾಕಿ ನಾನು, ತಿಳಿದಷ್ಟು ಹೇಳಿದೆ. ಆದ್ರ ಅವ ಕೇಳಿದ್ದು ಅಪ್ಪನ್ನ.

ಜ್ಞಾನೋಕ್ತಿಗಳು 31 ಅಧ್ಯಾಯ ಅದಾವ, ದಿನಕ್ಕೊಂದು ಹಿಡದ್ರ ತಿಂಗಳಿಗೆ ಮುಗೀತೈತಿ. ಓದಿದ ಮ್ಯಾಲೇ ಚಾ ಅಂತ ಹೇಳೀನಿ. ನಾಕು ದಿನ ಆತು. ಎರಡು ದಿನ ಓದ್ಯಾರ, ಎರಡು ದಿನ ಹೋಟೆಲ್‌ನಾಗ ಕುಡದು ಬಂದಾರ.